ಕೆಂಡದ ಮಳೆಯ ಒಂಬತ್ತು ದಿನ

ಬರುವ ಅಮಾವಾಸ್ಯೆಗೆ ಪ್ರಪಂಚ ಮುಗಿಯುತ್ತದೆ ಎಂದು ಮೊನ್ನೆ ನನ್ನ ಫೋನಿಗೆ ಬಂತು. ಹತ್ತು ಜನಕ್ಕೆ ಕಳಿಸಿದರೆ ನಮ್ಮ ಮನೆಗೆ ಏನೂ ಆಗುವುದಿಲ್ಲವಂತೆ. ಮೊಮ್ಮಗಳು ಟೈಪ್ ಮಾಡುವುದನ್ನು ಹೇಳಿಕೊಟ್ಟು ಇನ್ನೂ ತಿಂಗಳಾಗಿಲ್ಲ, ಒಂದೇ ಬೆರಳಲ್ಲಿ ಕುಟ್ಟುತ್ತೇನೆ. ಹತ್ತು ಜನಕ್ಕೆ ಅದನ್ನು ಕಳಿಸುವ ಬದಲು ಇದನ್ನು ಬರೆಯೋಣ ಎಂದು ಕೂತೆ. ಪ್ರಪಂಚ ಮುಗಿಯುವುದನ್ನು ನಾನು ಒಂದು ಸಲ ನೋಡಿದ್ದೇನೆ. ಆಗ ನನಗೆ ಒಂಬತ್ತು ವರ್ಷ. ಅದರಲ್ಲಿ ನನ್ನ ಕೈವಾಡವೂ ಸ್ವಲ್ಪ ಇತ್ತು.

ನಮ್ಮದು ಚನ್ನರಾಯಪಟ್ಟಣ ತಾಲ್ಲೂಕು ದಂಡಿಗನಹಳ್ಳಿ ಹೋಬಳಿಯ ಒಂದು ಊರು. ತೆಂಗು, ರಾಗಿ, ಒಂದು ಕೆರೆ. ಮನೆಯಲ್ಲಿ ಅಜ್ಜಿ, ಅಪ್ಪ, ಚಿಕ್ಕಪ್ಪ, ಅಕ್ಕ, ನಾನು. ಅವ್ವ ನನ್ನನ್ನು ಹೆತ್ತ ಏಳನೆಯ ದಿನ ಚಳಿಜ್ವರ ಬಂದು ಹೋದಳು. ಆ ವಾರ ಸೋನೆ ಹಿಡಿದು ಸೌದೆಯೆಲ್ಲ ನೆಂದು, ಬಾಣಂತಿ ಕೋಣೆಯ ಬೆಂಕಿ ಎರಡು ದಿನ ಆರಿತ್ತಂತೆ. ಅವಳು ಹೋದದ್ದು ಅದಕ್ಕೇ ಎಂದು ಅಜ್ಜಿ ನಂಬಿದ್ದಳು. ಡಾಕ್ಟರನ್ನು ಕೇಳಿದ್ದರೆ ಬೇರೆ ಏನೋ ಹೇಳುತ್ತಿದ್ದರೋ ಏನೋ, ಆದರೆ ಹತ್ತಿರದ ಡಾಕ್ಟರು ಎಂದರೆ ಹಾಸನ. ಗಾಡಿ ಕಟ್ಟಿ ಹೋಗುವಷ್ಟರಲ್ಲಿ ಬಾಣಂತಿಯೂ ಉಳಿಯುತ್ತಿರಲಿಲ್ಲ, ಎತ್ತೂ ಉಳಿಯುತ್ತಿರಲಿಲ್ಲ.

ಚಿಕ್ಕಪ್ಪನ ಹೆಂಡತಿ ಮದುವೆಯಾದ ಎರಡನೇ ವರ್ಷಕ್ಕೆ ಪ್ಲೇಗಿನಲ್ಲಿ ಹೋದಳು. ಆಮೇಲೆ ಅವನು ಮದುವೆಯಾಗಲಿಲ್ಲ. ಅಪ್ಪ ವ್ಯಾಪಾರಕ್ಕೆ ಊರೂರು ತಿರುಗುತ್ತಿದ್ದುದರಿಂದ ನನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು ಚಿಕ್ಕಪ್ಪನೇ. ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ, ವರ್ಷದ ಹತ್ತಿರ ಒಣಗಿಸಿ, ಒಳಗೇ ಉಂಡೆ ಕೊಬ್ಬರಿ ಮಾಡುವುದು ನಮ್ಮ ಮನೆಯ ಕಸುಬು. ಕಾಯಿಯನ್ನು ಕಿವಿ ಹತ್ತಿರ ಅಲ್ಲಾಡಿಸಿ, ಒಳಗಿನ ಒಣ ಕೊಬ್ಬರಿ, ಅಂದರೆ ಗಿಟುಕು, ಕರಟ ಬಿಟ್ಟಿದೆಯೋ ಇಲ್ಲವೋ ಎಂದು ಹೇಳಲು ನನಗೆ ಕಲಿಸಿದ್ದು ಅವನು.

ಬೆಂಕಿ ಕಾಯುವುದನ್ನು ಕಲಿಸಿದ್ದೂ ಅವನೇ. ಯುದ್ಧದ ಕಾಲ ಅದು. ಸೀಮೆಎಣ್ಣೆ ಇಲ್ಲ, ಬೆಂಕಿಪೊಟ್ಟಣ ಚನ್ನರಾಯಪಟ್ಟಣದ ಸಂತೆಯಲ್ಲೂ ಇಲ್ಲ. ಒಲೆ ಆರಿದರೆ ಪಕ್ಕದ ಮನೆಯಿಂದ ಕೆಂಡ ತರಬೇಕು. ನಮ್ಮ ಮನೆಯಲ್ಲಿ ಮಾತ್ರ ಆರುತ್ತಿರಲಿಲ್ಲ. ಕಾಯಿ ಸುಲಿದಾಗ ಬರುವ ನಾರಿನ ಸಿಪ್ಪೆಗೆ ನಾವು ಮಟ್ಟೆ ಎನ್ನುತ್ತೇವೆ. ಒಣಗಿದ ಮಟ್ಟೆಯ ತುದಿಗೆ ಕಿಡಿ ತಾಗಿಸಿ ಗಾಳಿ ಸೋಕದಂತೆ ಇಟ್ಟರೆ, ಹೊಗೆಯಿಲ್ಲದೆ, ಉರಿಯಿಲ್ಲದೆ, ಒಳಗೊಳಗೇ ಬೆಳಗಿನಿಂದ ಸಂಜೆಯವರೆಗೆ ಕೂತಿರುತ್ತದೆ. ಬೇಕಾದಾಗ ಊದಿದರೆ ಆಯಿತು.

ಆ ಪುಷ್ಯ ಮಾಸದಲ್ಲಿ ನಮ್ಮ ಕೆರೆ ಏರಿಯ ಮಂಟಪಕ್ಕೆ ಒಬ್ಬ ಸ್ವಾಮಿ ಬಂದ. ಅರಕಲಗೂಡಿನ ಕಡೆಯಿಂದ ಬಂದೆ, ಅಲ್ಲಿ ಏಳು ಊರಿನವರು ಆಗಲೇ ನನ್ನ ಮಾತು ನಡೆಸಿದ್ದಾರೆ ಎಂದ. ಸಣ್ಣ ದನಿಯವನು, ಹತ್ತಿರ ಕೂತರೆ ಮಾತ್ರ ಕೇಳಿಸುತ್ತಿತ್ತು. ಹಾಗಾಗಿ ಎಲ್ಲರೂ ಹತ್ತಿರ ಕೂತರು. ಅವನು ಹೇಳಿದ್ದು ಇಷ್ಟು. ಯುದ್ಧದ ಬೆಂಕಿ ಇನ್ನು ಮೇಲಕ್ಕೇರುತ್ತದೆ, ಅಮಾವಾಸ್ಯೆಯ ನಡುಮಧ್ಯಾಹ್ನ ಕೆಂಡದ ಮಳೆಯಾಗಿ ಇಳಿಯುತ್ತದೆ. ಮನೆಮನೆಯಲ್ಲಿರುವ ಬೆಂಕಿ ಆ ಬೆಂಕಿಯನ್ನು ಕರೆಯುತ್ತದೆ. ಆ ದಿನವೂ ಸೇರಿ ಒಂಬತ್ತು ದಿನ ಎಲ್ಲ ಒಲೆಗಳನ್ನೂ ಆರಿಸಿ, ಮಂಟಪದ ಒಂದೇ ಬೆಂಕಿಯಲ್ಲಿ ಬೆಂದದ್ದನ್ನು ಉಂಡವರು ಉಳಿಯುತ್ತಾರೆ. ಮಳೆ ನಿಂತ ಮೇಲೆ ಸತ್ತವರೆಲ್ಲ ಹರೆಯದಲ್ಲಿ ಹೇಗಿದ್ದರೋ ಹಾಗೇ ಎದ್ದು ಬರುತ್ತಾರೆ.

ಈ ಕೊನೆಯ ಮಾತಿಗೆ ಚಿಕ್ಕಪ್ಪ ಬಿದ್ದ. ಮನೆಗೆ ಬಂದವನೇ ಪೆಟ್ಟಿಗೆಯಿಂದ ಹೆಂಡತಿಯ ಸೀರೆ ತೆಗೆದು ಬಿಸಿಲಿಗೆ ಹಾಕಿದ. ಆಮೇಲೆ ದಿನಾ ಹಾಕುತ್ತಿದ್ದ.

ಊರೆಲ್ಲ ಒಲೆ ಆರಿಸಿತು. ಮೊದಲ ಎರಡು ದಿನ ಚೆನ್ನಾಗಿತ್ತು ಎಂದರೆ ನೀವು ನಗಬಾರದು. ಹೆಂಗಸರಿಗೆ ಒಲೆ ಊದುವ ಕೆಲಸವಿಲ್ಲ. ದಾಯಾದಿಗಳು ಮಾತು ಬಿಟ್ಟಿದ್ದವರು ಮಾತಾಡಿದರು. ಮಂಟಪದ ಮುಂದೆ ದೊಡ್ಡ ಕೊಪ್ಪರಿಗೆಯಲ್ಲಿ ಹಿಟ್ಟು ತೊಳಸಿ ಮುದ್ದೆ ಕಟ್ಟುತ್ತಿದ್ದರು, ನಾವು ಮಕ್ಕಳು ಎರಡೆರಡು ಸಲ ಕೂತು ಉಂಡೆವು. ಹೇಗೂ ಮುಗಿಯುತ್ತದಲ್ಲ ಎಂದು ಬಿತ್ತನೆ ರಾಗಿಯನ್ನೂ ತಂದು ಬೀಸಿದರು. ಊರಾಚೆಯ ಕೇರಿಯವರನ್ನು ಮಾತ್ರ ಏರಿಯ ಆ ಕಡೆ ಕೂರಿಸಿದ್ದರು. ಎಲ್ಲರೂ ಒಂದೇ ಮಳೆಗೆ ಕಾಯುತ್ತಿದ್ದರು, ಆದರೂ ಪಂಕ್ತಿ ಬೇರೆ. ಹಾಗೇಕೆ ಎಂದು ಆಗಲೇ ಕೇಳಿ ಅಜ್ಜಿಯಿಂದ ತಲೆಗೆ ಮೊಟಕಿಸಿಕೊಂಡಿದ್ದೆ.

ಮೂರನೆಯ ದಿನಕ್ಕೆ ಕೆಲವರು ಗಂಡಸರು ಕೋಲು ಹಿಡಿದು ಬೀದಿ ತಿರುಗಲು ಶುರುಮಾಡಿದರು. ಹೊಡೆಯಿರಿ ಎಂದು ಸ್ವಾಮಿ ಹೇಳಿರಲಿಲ್ಲ. ಅವನು ಇರುವೆ ಕಂಡರೆ ಕಾಲು ಎತ್ತಿಡುವವನು. ಆದರೆ ಒಂದು ಮನೆಯ ಬೆಂಕಿಯಿಂದ ಊರೇ ಸುಡುತ್ತದೆ ಎಂದು ಹೇಳಿ ಕಣ್ಣು ಮುಚ್ಚಿಕೊಂಡುಬಿಟ್ಟಿದ್ದ. ಮಿಕ್ಕ ಲೆಕ್ಕವನ್ನು ಇವರೇ ಹಾಕಿಕೊಂಡರು. ತನ್ನ ಮಕ್ಕಳು ಉಳಿಯಬೇಕು ಎನ್ನುವವನಿಗೆ ಪಕ್ಕದವನ ಒಲೆ ಕಾಣಿಸಲು ಶುರುವಾದರೆ, ಕೋಲು ತಾನಾಗಿ ಕೈಗೆ ಬರುತ್ತದೆ. ಅವರು ಕೋಪದಲ್ಲಿದ್ದರು ಎಂದು ಈಗಲೂ ನಾನು ಹೇಳುವುದಿಲ್ಲ. ನಮ್ಮನ್ನು ಉಳಿಸುವ ಆತುರದಲ್ಲಿದ್ದರು.

ಆ ಆತುರಕ್ಕೆ ಮೊದಲು ಸಿಕ್ಕಿದವನು ಕಮ್ಮಾರ. ಕುಲುಮೆ ಆರಿಸುವುದಿಲ್ಲ ಎಂದ. ಅಮಾವಾಸ್ಯೆ ಆದ ಮಾರನೇ ದಿನ ನೀವೇ ನೇಗಿಲ ಗುಳ ತಟ್ಟಿಸಲು ಬರುತ್ತೀರಿ, ಆಗ ಯಾರ ಬೆಂಕಿ ಕೇಳಲಿ ಎಂದನಂತೆ. ಗಾಳಿ ಊದುವ ತಿದಿ ಹರಿದರು, ಕುಲುಮೆ ಒಡೆದರು. ತಡೆಯಲು ಚಾಚಿದ ಅವನ ಬಲಗೈ ಮಣಿಕಟ್ಟಿನ ಹತ್ತಿರ ಮುರಿಯಿತು. ಆ ಕೈ ಮುರಿದ ಕೋಲು ಚಿಕ್ಕಪ್ಪನದು. ಅದು ನಮ್ಮ ಮನೆಯಲ್ಲಿ ಕಾಯಿ ತಿರುವಿ ಹಾಕುವ ಕೋಲು.

ಅಂದು ಅಜ್ಜಿ ಚಿಕ್ಕಪ್ಪನಿಗೆ ನೀರು ಕೂಡ ಕೊಡಲಿಲ್ಲ.

ಅಕ್ಕ ಚೊಚ್ಚಲ ಬಾಣಂತನಕ್ಕೆ ಹೊಳೆನರಸೀಪುರದ ಗಂಡನ ಮನೆಯಿಂದ ಬಂದಿದ್ದಳು. ಒಂಬತ್ತು ದಿನದಲ್ಲಿ ಐದನೆಯ ದಿನ ಹೆತ್ತಳು. ಗಂಡು. ಬೀಗರಿಗೆ ಸಕ್ಕರೆ ಕೊಟ್ಟು ಸುದ್ದಿ ಹೇಳಲು ಅಪ್ಪ ಗಾಡಿ ಕಟ್ಟಿಕೊಂಡು ಹೊರಟ, ಆ ಕಡೆಯ ವ್ಯಾಪಾರವನ್ನೂ ಮುಗಿಸಿ ವಾರಕ್ಕೆ ಬರುವವನು. ಹೋಗುವಾಗ ತಮ್ಮನ ಕೈ ಹಿಡಿದು, ಮನೆ ನಿನ್ನ ಜವಾಬ್ದಾರಿ ಎಂದ. ಚಿಕ್ಕಪ್ಪ ತಲೆಯಾಡಿಸಿ ಮಂಟಪಕ್ಕೆ ಹೋದ.

ಅಜ್ಜಿ ಬಾಗಿಲು ಹಾಕಿಕೊಂಡು ನನ್ನನ್ನು ಹತ್ತಿರ ಕೂರಿಸಿಕೊಂಡಳು. ಅಡುಗೆ ಒಲೆ ಆರಿಸಿದ್ದಳು, ಹಂಡೆ ಒಲೆಯನ್ನೂ ಆರಿಸಿದ್ದಳು. ಆದರೆ ಅಕ್ಕನ ಮಂಚದ ಕೆಳಗೆ ಮಡಕೆಯೊಳಗೆ ಮಟ್ಟೆ ಕೂತಿತ್ತು. ಅದರಿಂದ ಕಾಯಿ ಕರಟದ ಇದ್ದಿಲಿಗೆ ಕಿಡಿ ಮಾಡಿ, ಹೊಗೆಯಿಲ್ಲದೆ ಒಂದೊಂದು ಚೊಂಬು ನೀರು ಕಾಯಿಸಿ, ಅಕ್ಕನ ಮೈ ಒರೆಸಿ, ಮಗುವನ್ನು ತೊಳೆಯುತ್ತಿದ್ದಳು.

"ಬಾಯಿ ಬುಟ್ಟೀಯ, ನಿಂಗೂ ನಿಮ್ಮವ್ವನ ದಾರಿನೇ ತೋರಿಸ್ತೀನಿ" ಎಂದಳು ನನಗೆ. ನಾನು ಬಾಯಿ ಬಿಡಲಿಲ್ಲ. ಬಿಟ್ಟದ್ದು ಸಾಂಬ್ರಾಣಿ. ಮಗುವಿನ ತಲೆಗೆ ನೀರು ಹಾಕಿದ ಮೇಲೆ ಒಂದು ಚಿಟಿಕೆ ಸಾಂಬ್ರಾಣಿ ಹೊಗೆ ಕೊಡದಿದ್ದರೆ ಆ ಮುದುಕಿಯ ಜೀವ ನಿಲ್ಲುತ್ತಿರಲಿಲ್ಲ. ಏಳನೆಯ ದಿನ ಮಧ್ಯಾಹ್ನ ಕೊಟ್ಟಳು. ಗಾಳಿ ಬೀದಿಯ ಕಡೆಗಿತ್ತು.

ಅರ್ಧ ಗಂಟೆಯಲ್ಲಿ ಬೀದಿಯಲ್ಲಿ ಸದ್ದಾಯಿತು. ಕಿಟಕಿಯಲ್ಲಿ ಇಣುಕಿದೆ. ಹದಿನೈದು ಇಪ್ಪತ್ತು ಜನ, ಅರ್ಧ ಜನರ ಕೈಯಲ್ಲಿ ಕೋಲು, ಅರ್ಧ ಜನರ ಹೆಗಲಲ್ಲಿ ಬೆಂಕಿ ಆರಿಸಲು ನೀರಿನ ಬಿಂದಿಗೆ. ಮುಂದೆ ಚಿಕ್ಕಪ್ಪ. ಅಜ್ಜಿ ಮಡಕೆಯಿಂದ ಮಟ್ಟೆ ತೆಗೆದು ನನ್ನ ಕೈಗೆ ಕೊಟ್ಟು, ಹಿತ್ತಲ ಗುಂಡಿಗೆ ಎಸೆದು ಬಾ ಎಂದಳು.

ನಾನು ಎಸೆಯಲಿಲ್ಲ. ಎಸೆದರೆ ಮತ್ತೆ ಬೆಂಕಿ ಎಲ್ಲಿಂದ ತರುವುದು? ಹೆತ್ತ ಏಳನೆಯ ದಿನ ಎಂದರೆ ಏನು ಎಂದು ನನಗೆ ಚಿಕ್ಕಂದಿನಿಂದ ಹೇಳಿದ್ದರು. ಅಕ್ಕನಿಗೆ ಅದು ಇನ್ನೂ ಮೂರನೆಯ ದಿನ, ಬೆಂಕಿ ಇಲ್ಲದೆ ಏಳರವರೆಗೆ ಹೋಗುವುದು ಬೇಡ ಎಂದು ನನ್ನ ಬುದ್ಧಿಗೆ ಹೊಳೆಯಿತು. ಏಣಿ ಹತ್ತಿದೆ. ಅಟ್ಟದಲ್ಲಿ ಒಂದು ಕರಟದೊಳಗೆ ಮಟ್ಟೆ ಇಟ್ಟು, ಕಾಯಿಗಳ ಸಂದಿಯಲ್ಲಿ ಬಚ್ಚಿಟ್ಟೆ. ಕಾಯಿ ಬೇಗ ಒಣಗಲೆಂದು ಅಟ್ಟದ ಕೆಳಗೆ ಹೊಗೆ ಹಾಕುವುದನ್ನು ದಿನಾ ನೋಡಿದವಳು ನಾನು. ಬೆಂಕಿಗೂ ಕೊಬ್ಬರಿಗೂ ಒಳ್ಳೆಯ ಸ್ನೇಹ ಎಂದುಕೊಂಡಿದ್ದೆ. ಕೊಬ್ಬರಿಯೊಳಗೆ ಎಣ್ಣೆ ಇರುತ್ತದೆ ಎಂಬುದು ಗೊತ್ತಿತ್ತು. ಎರಡನ್ನೂ ಒಟ್ಟಿಗೆ ಯೋಚಿಸಿರಲಿಲ್ಲ.

ಅವರು ಒಳಗೆ ಬಂದರು. ಬಾಣಂತಿ ಕೋಣೆಯ ಹೊಸ್ತಿಲ ಮೇಲೆ ಅಜ್ಜಿ ಕೂತಳು, ಅದನ್ನು ಮಾತ್ರ ಯಾರೂ ದಾಟಲಿಲ್ಲ. ಚಿಕ್ಕಪ್ಪ ಅಡುಗೆ ಒಲೆಯ ಬೂದಿಯೊಳಗೆ ಕೈ ಹಾಕಿದ, ತಣ್ಣಗಿತ್ತು. ಹಂಡೆ ಒಲೆಯೂ ತಣ್ಣಗಿತ್ತು. ಅವನ ಮುಖ ಸಡಿಲವಾದದ್ದನ್ನು ನಾನು ನೋಡಿದೆ. ಇನ್ನೇನು ಹೊರಡಬೇಕು, ಹೊರಗೆ ನಿಂತಿದ್ದ ಒಬ್ಬ ಹೆಂಚಿನ ಕಡೆ ಕೈ ತೋರಿಸಿದ.

ಹೆಂಚಿನ ಸಂದಿಗಳಿಂದ ಕರಿಹೊಗೆ ಏಳುತ್ತಿತ್ತು. ನೋಡುತ್ತಿದ್ದಂತೆ ಒಳಗೆ ಚಟಪಟ ಎಂದು ಕಾಯಿ ಸಿಡಿದವು. ಕೆಂಪು ಕಾಣಿಸಿತು.

ಎಲ್ಲರೂ ಬೀದಿಯಲ್ಲಿ ಅಡ್ಡಬಿದ್ದರು. ಕೆಂಡದ ಮಳೆ ಎರಡು ದಿನ ಮೊದಲೇ ಇಳಿದಿತ್ತು, ಅದೂ ಸರಿಯಾದ ಮನೆಯ ಮೇಲೆ. ಮುಟ್ಟಬೇಡಿ, ಇದನ್ನು ಆರಿಸಿದರೆ ಊರಿನ ಮೇಲೆಲ್ಲ ಬೀಳುತ್ತದೆ ಎಂದ ಒಬ್ಬ. ಕೆಂಡ ಏಣಿಯ ಹತ್ತಿರಕ್ಕೆ ಉದುರುತ್ತಿತ್ತು, ಏಣಿಯ ಪಕ್ಕದಲ್ಲೇ ಅಕ್ಕನ ಕೋಣೆಯ ಬಾಗಿಲು. ಅಕ್ಕ ಏಳಲಾರಳು. ಹೊರಗೆ ಎಂಟು ಹತ್ತು ಬಿಂದಿಗೆ ನೀರು, ಬಿಂದಿಗೆಗಳ ಪಕ್ಕದಲ್ಲಿ ಕೈಮುಗಿದು ಕೂತ ಗಂಡಸರು. ಇವತ್ತಿಗೂ ಕಣ್ಣು ಮುಚ್ಚಿದರೆ ನನಗೆ ಕಾಣುವುದು ಬೆಂಕಿಯಲ್ಲ, ಆ ಬಿಂದಿಗೆಗಳು.

ಚಿಕ್ಕಪ್ಪ ನಡುಮನೆಯಲ್ಲಿ ಬಿಂದಿಗೆ ಹಿಡಿದು ನಿಂತೇ ಇದ್ದ. ಅಜ್ಜಿ ಹೊಸ್ತಿಲಿಂದ ಎದ್ದಳು. ದನಿ ಏರಿಸಲಿಲ್ಲ.

"ಕೈಯಾಗಿರೋದು ಏನ್ಲಾ?"

"ನೀರು ಕಣವ್ವ."

"ಸುರಿ."

"ಅದು ದೇವ್ರು ಬುಟ್ಟಿರೋ ಬೆಂಕಿ ಕಣವ್ವ. ನಾನ್ ಸುರುದ್ರೆ ಅವ್ಳು ಬರಾಕಿಲ್ಲ."

ಯಾರು ಬರುವುದಿಲ್ಲ ಎಂದು ಅಜ್ಜಿ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು. "ಬರೋಳು ಬತ್ತಾಳೆ. ಇರೋಳು ಒಳ್ಗವ್ಳೆ" ಎಂದಳು. ಅಷ್ಟರಲ್ಲಿ ಮಗು ಅತ್ತಿತು. ಚಿಕ್ಕಪ್ಪ ಏಣಿ ಹತ್ತಿದ.

ಅವನೊಬ್ಬನೇ ನಾಲ್ಕು ಬಿಂದಿಗೆ ಸುರಿದ. ಐದನೆಯದಕ್ಕೆ ಹೊರಗಿನವನೊಬ್ಬ ತಾನೇ ಎತ್ತಿಕೊಟ್ಟ. ಆಮೇಲೆ ಎಲ್ಲರೂ ಕೊಟ್ಟರು. ಅರ್ಧ ಅಟ್ಟ ಹೋಯಿತು, ಮನೆ ಉಳಿಯಿತು.

ಬೆಂಕಿ ಆರಿದ ಮೇಲೆ ನಾನು ಅಂಗಳದ ನಡುವೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದೆ, ಮಟ್ಟೆ ಇಟ್ಟವಳು ನಾನು ಎಂದು. ಒದೆ ಬೀಳುತ್ತದೆ ಎಂದು ತಯಾರಾಗಿದ್ದೆ. ಯಾರೂ ಒದೆಯಲಿಲ್ಲ, ಯಾರೂ ನಂಬಲೂ ಇಲ್ಲ. ಒಬ್ಬ ಮುದುಕ ನನ್ನ ತಲೆ ಸವರಿ, "ಮಟ್ಟೆ ಮಡಗ್ದೋಳು ನೀನೇ ಕಣವ್ವ. ಮಡಗ್ಸಿದ್ದು ಯಾರು?" ಎಂದ. ಎಲ್ಲರೂ ಹೌದು ಹೌದು ಎಂದರು. ಸುಳ್ಳು ಹೇಳಿ ಒದೆ ತಪ್ಪಿಸಿಕೊಂಡದ್ದು ನನ್ನ ಜೀವನದಲ್ಲಿ ಬೇಕಾದಷ್ಟಿದೆ. ನಿಜ ಹೇಳಿ ತಪ್ಪಿಸಿಕೊಂಡದ್ದು ಅದೊಂದೇ ಸಲ. ಸಂಜೆಯೊಳಗೆ ಸುದ್ದಿ ಮಂಟಪಕ್ಕೆ ಹೋಯಿತು. ಇದು ಹನಿ ಮಾತ್ರ, ಮಳೆ ಹಿಂದೆ ಇದೆ ಎಂದನಂತೆ ಸ್ವಾಮಿ. ಅಂದಿನಿಂದ ಕೋಲು ಹಿಡಿದವರು ದುಪ್ಪಟ್ಟಾದರು.

ಚಿಕ್ಕಪ್ಪ ಮಾತ್ರ ಅವರ ಜೊತೆ ಹೋಗಲಿಲ್ಲ. ಅಟ್ಟದ ಬೂದಿ ಕೆದಕುತ್ತಿದ್ದವನು ನನ್ನನ್ನು ಕರೆದ. ಸುಟ್ಟ ಕರಟದ ಚೂರು ಕೈಯಲ್ಲಿತ್ತು.

"ಇದ್ರಾಗೆ ಮಡಗಿದ್ಯಾ?"

ಹೂಂ ಎಂದೆ.

"ಮ್ಯಾಲೆ ಇನ್ನೊಂದು ಬೋರಲು ಮುಚ್ಚಿದ್ಯಾ?"

ಇಲ್ಲ ಎಂದೆ.

"ಮುಚ್ಬೇಕಿತ್ತು ಕಣವ್ವ. ಗಾಳಿ ಸೋಕ್ಬಾರ್ದು ಅಂತ ಏಳಿದ್ನಲ್ಲ" ಎಂದ. ಆಮೇಲೆ ಆ ಚೂರನ್ನೇ ತಿರುಗಿಸಿ ತಿರುಗಿಸಿ ನೋಡುತ್ತಾ ಕೂತ. ಬಿಸಿಲಿಗೆ ಹಾಕಿದ್ದ ಸೀರೆಯನ್ನು ಸಂಜೆ ಅವನೇ ಮಡಿಸಿ ಪೆಟ್ಟಿಗೆಗಿಟ್ಟ.

ಆದರೆ ಈಗ ಮನೆಯಲ್ಲಿ ಬೆಂಕಿಯೇ ಇರಲಿಲ್ಲ. ಗೋಡೆಯೆಲ್ಲ ಒದ್ದೆ, ಹೆಂಚು ಒಡೆದು ಪುಷ್ಯದ ಚಳಿ ನೇರ ಒಳಗೆ ಬರುತ್ತಿತ್ತು. ಎಂಟನೆಯ ದಿನ ಅಕ್ಕನ ಪಾದ ತಣ್ಣಗಾಯಿತು. ಅಮಾವಾಸ್ಯೆಯ ಬೆಳಗ್ಗೆ ಹಲ್ಲು ಕಟಕಟ ಎನ್ನುತ್ತಿದ್ದವು, ಮೈ ಸುಡುತ್ತಿತ್ತು, ಮಗು ಎದೆಗೆ ಬಾಯಿ ಹಾಕಿದರೆ ದೂಡುತ್ತಿದ್ದಳು. ಅಜ್ಜಿ ತನ್ನ ಎರಡು ಕೈಯನ್ನೂ ಅವಳ ಪಾದಕ್ಕೆ ಉಜ್ಜುತ್ತಾ, ಚಿಕ್ಕಪ್ಪನ ಕಡೆ ನೋಡದೆ, ನನ್ನವ್ವನ ಹೆಸರು ಹಿಡಿದು ಏನೋ ಹೇಳಿಕೊಳ್ಳುತ್ತಿದ್ದಳು. ಮಂಟಪದಲ್ಲಿ ಕೆಂಡ ಕೇಳಿದರೆ ಕೊಡುವವರಿರಲಿಲ್ಲ.

ಚಿಕ್ಕಪ್ಪ ನನ್ನ ಕೈ ಹಿಡಿದುಕೊಂಡು ಹೊರಟ. ಯಾಕೆ ನನ್ನನ್ನು ಕರೆದೊಯ್ದ ಎಂದು ಆಮೇಲೆ ಗೊತ್ತಾಯಿತು. ಒಬ್ಬನೇ ಹೋಗಲು ಅವನಿಗೆ ಮುಖವಿರಲಿಲ್ಲ. ಹೋದದ್ದು ಕಮ್ಮಾರನ ಮನೆಗೆ. ಕಮ್ಮಾರ ಬಲಗೈಗೆ ಬಿದಿರ ದಬ್ಬೆ ಕಟ್ಟಿಸಿಕೊಂಡು ಜಗುಲಿಯ ಮೇಲೆ ಕೂತಿದ್ದ.

"ಇನ್ನೊಂದು ಕೈ ಐತೆ ಯಜಮಾನ್ರೇ, ಅದ್ಕೂ ಬಂದ್ರಾ?" ಎಂದ.

ಚಿಕ್ಕಪ್ಪ ನನ್ನನ್ನು ಮುಂದಕ್ಕೆ ದೂಡಿದ. ನಾನೇ ಹೇಳಿದೆ, ಅಕ್ಕನಿಗೆ ಚಳಿಜ್ವರ, ಬೆಂಕಿ ಬೇಕು. ಕಮ್ಮಾರ ಹೆಂಡತಿಯನ್ನು ಕೂಗಿ ಚಕಮಕಿ ತರಿಸಿದ. ಒಂದು ಕಲ್ಲು, ಒಂದು ಉಕ್ಕಿನ ತುಂಡು. ಕುಲುಮೆ ಒಡೆದವರಿಗೆ ಇದು ಸಿಕ್ಕಿರಲಿಲ್ಲ.

"ಮಗೀಗೆ ಕೊಡ್ತಾ ಇವ್ನಿ. ನಿಮ್ಗಲ್ಲ" ಎಂದ.

ಚಕಮಕಿ ಹೊಡೆಯಲು ಎರಡು ಕೈ ಬೇಕು, ಕಮ್ಮಾರನಿಗೆ ಇದ್ದದ್ದು ಒಂದು. ಚಿಕ್ಕಪ್ಪನಿಗೆ ಹೊಡೆಯುವ ಹದ ಗೊತ್ತಿರಲಿಲ್ಲ. ಹಾಗಾಗಿ ಕಮ್ಮಾರನೇ ನಮ್ಮ ಜೊತೆ ಬಂದ. ನಮ್ಮ ಮನೆಯ ಮುಂದಿನ ಅಂಗಳದಲ್ಲಿ, ಹಾಡಹಗಲು, ಕಲ್ಲು ಹಿಡಿದವನು ಚಿಕ್ಕಪ್ಪ, ಎಡಗೈಯಲ್ಲಿ ಉಕ್ಕು ಹಿಡಿದು ಹೊಡೆದವನು ಕಮ್ಮಾರ, ಕೆಳಗೆ ನಾರಿನ ಪುಡಿ ಹಿಡಿದವಳು ನಾನು. ಉಕ್ಕು ಎರಡು ಸಲ ಚಿಕ್ಕಪ್ಪನ ಬೆರಳ ಗೆಣ್ಣಿಗೇ ಬಿತ್ತು. ಎರಡನೆಯದು ಗುರಿ ತಪ್ಪಿ ಬಿದ್ದದ್ದಲ್ಲ, ನಾನು ಹತ್ತಿರದಲ್ಲೇ ಇದ್ದೆ. ಚಿಕ್ಕಪ್ಪ ಕೈ ಹಿಂದಕ್ಕೆ ತೆಗೆಯಲಿಲ್ಲ. ಏಳೆಂಟನೆಯ ಏಟಿಗೆ ಕಿಡಿ ನಾರಿಗೆ ಬಿತ್ತು, ನಾನು ಊದಿದೆ.

ಬಚ್ಚಲ ಹಂಡೆ ಒಲೆ ಅಟ್ಟದ ನೀರಿಗೆ ನೆಂದು ಕೂತಿತ್ತು. ಅಂಗಳದಲ್ಲೇ ಮೂರು ಕಲ್ಲು ಹೂಡಿ ಹಂಡೆ ಇಟ್ಟರು. ನೆಂದ ಮಟ್ಟೆಗಳ ಹೊಗೆ ಎಷ್ಟು ದಪ್ಪಗೆ ಎದ್ದಿತೆಂದರೆ ಕೆರೆ ಏರಿಯ ಮೇಲೆ ಆಕಾಶ ನೋಡುತ್ತಾ ಕೂತಿದ್ದವರಿಗೆಲ್ಲ ಅದೇ ಮೊದಲು ಕಂಡಿತು. ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಮೂವತ್ತು ನಲವತ್ತು ಜನ ಕೋಲು ಹಿಡಿದು ಬಂದರು. ನಾನು ಅಜ್ಜಿಯ ಸೀರೆ ಹಿಡಿದು ನಿಂತೆ, ಧೈರ್ಯ ಇತ್ತು ಎಂದು ಸುಳ್ಳು ಹೇಳುವುದಿಲ್ಲ.

ಚಿಕ್ಕಪ್ಪ ಒಲೆಗೂ ಅವರಿಗೂ ನಡುವೆ ನೆಲದ ಮೇಲೆ ಕೂತುಬಿಟ್ಟ. ಕೈಯಲ್ಲಿ ಏನೂ ಇರಲಿಲ್ಲ. ಮೊನ್ನೆಯವರೆಗೆ ಅವನ ಹಿಂದೆ ನಡೆದವರೇ ಅವರು. ಒಬ್ಬ ಮುಂದೆ ಬಂದು ಹೆಗಲ ಮೇಲೆ ಒಂದು ಏಟು ಹಾಕಿದ. ಚಿಕ್ಕಪ್ಪ ಬಗ್ಗಿದ, ಮತ್ತೆ ನೇರ ಕೂತ.

"ಇನ್ನೊಂದ್ ಆಕು" ಎಂದ. "ನಾನು ಆ ಯಪ್ಪಂಗೆ ಒಂದೇ ಏಟಿಗೆ ಕೈ ಮುರ್ದೆ. ನಿಂದು ಇನ್ನೂ ಸಾಲ್ದು."

ಹೊಡೆದವನು ಕಮ್ಮಾರನ ಕಡೆ ನೋಡಿದ. ಕಮ್ಮಾರ ಅದನ್ನೆಲ್ಲ ಕೇಳಿಸಿಕೊಳ್ಳದವನ ಹಾಗೆ ಎಡಗೈಯಲ್ಲಿ ಒಲೆಗೆ ಮಟ್ಟೆ ತಳ್ಳುತ್ತಿದ್ದ. ಎರಡನೆಯ ಏಟು ಬೀಳಲಿಲ್ಲ. ಹಿಂದಕ್ಕೂ ಹೋಗಲಿಲ್ಲ ಅವರು. ಕೆಲವರು ಆಕಾಶ ನೋಡುತ್ತಿದ್ದರು, ಕೆಲವರು ಹಂಡೆ ನೋಡುತ್ತಿದ್ದರು.

ಅಜ್ಜಿ ಇದ್ಯಾವುದನ್ನೂ ಲೆಕ್ಕಕ್ಕೆ ಹಿಡಿಯಲಿಲ್ಲ. ಕುದಿಯುವ ನೀರಿಗೆ ಬೇವು, ಲಕ್ಕಿ ಸೊಪ್ಪು ಹಾಕಿ, ತೋಡಿಕೊಂಡು ಒಳಗೆ ಹೋಗಿ, ಅಕ್ಕನ ಬೆನ್ನಿಗೆ ಸೊಂಟಕ್ಕೆ ಸುರಿದಳು. ಕಂಬಳಿ ಹೊದಿಸಿ, ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟಳು. ಮಗುವನ್ನು ಮೀಯಿಸುವ ಹೊತ್ತಿಗೆ ಹಂಡೆಯ ತಳ ಕಂಡಿತು. ಹೊರಗೆ ಬಂದು ಕಣ್ಣಿಗೆ ಕೈ ಅಡ್ಡ ಹಿಡಿದು ಅಷ್ಟೂ ಜನರನ್ನು ಒಮ್ಮೆ ನೋಡಿದಳು. ಚಿಕ್ಕಪ್ಪನಿಗೆ ಹೊಡೆದವನ ಮೇಲೆ ಕಣ್ಣು ನಿಂತಿತು. ಅವನು ಹುಟ್ಟಿದಾಗ ತಲೆಗೆ ನೀರು ಹಾಕಿದವಳು ಅವಳೇ.

"ಸುಮ್ಕೆ ನಿಂತ್ಕಂಡು ಏನ್ಲಾ ಮಾಡ್ತೀಯ. ಮಗೀಗೆ ನೀರು ಸಾಲ್ದು, ಎಲ್ಡು ಬಿಂದ್ಗೆ ಸೇದ್ಕಂಬಾ."

ಅವನು ಸುತ್ತ ನೋಡಿದ. ಕೋಲನ್ನು ಎಲ್ಲಿಡುವುದು ಎಂದು ತಿಳಿಯದೆ ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದು, ಕೊನೆಗೆ ನನ್ನ ಕೈಗೆ ಕೊಟ್ಟು ಬಾವಿಯ ಕಡೆ ಹೋದ. ಅವನ ಹಿಂದೆ ಇನ್ನೊಬ್ಬ ಹೋದ. ರಾಟೆಯ ಸದ್ದು ಕೇಳಿಸಿತು. ಮಗು ಮಿಂದು, ಅತ್ತು, ಹಾಲು ಕುಡಿದು ಮಲಗಿತು. ಅಕ್ಕನ ಹಣೆಯಲ್ಲಿ ಬೆವರು ಕಂಡಾಗ ಅಜ್ಜಿ ಹೊಸ್ತಿಲ ಮೇಲೆ ಕಾಲು ಚಾಚಿ ಕೂತು, ಒಂದು ಎಲೆ ಅಡಿಕೆ ಮಡಿಸಿ ಬಾಯಿಗೆ ಹಾಕಿಕೊಂಡಳು. ಆಮೇಲೆ ಯಾರೋ ಮೇಲೆ ನೋಡಿದರು. ಸೂರ್ಯ ನೆತ್ತಿಯಿಂದ ಇಳಿದು ತೋಟದ ಕಡೆಗೆ ಬಹಳ ದೂರ ಹೋಗಿಬಿಟ್ಟಿದ್ದ.